ಟಚಿಂಗಕ್ಕ ಬರೆದ ಬಾಯಿ

ನಮ್ಮ ಊರಿನ ಗೋಡೆಗಳ ಮೇಲೆ ತೂಗುತ್ತಿರುವ ಸತ್ತವರನ್ನು ಒಮ್ಮೆ ಸುಮ್ಮನೆ ನೋಡಿಕೊಂಡು ಬನ್ನಿ. ಎಲ್ಲರಿಗೂ ಒಂದೇ ವಯಸ್ಸು. ಮುಪ್ಪಾಗಿ ಹೋದ ಅಜ್ಜನಿಗೂ ಹೆರಿಗೆಯಲ್ಲಿ ಹೋದ ಸೊಸೆಗೂ ಒಂದೇ ನುಣುಪು ಕೆನ್ನೆ. ಯಾರ ಹಣೆಯ ಮೇಲೂ ಗೆರೆಯಿಲ್ಲ, ಯಾರ ಕಣ್ಣ ಕೆಳಗೂ ಕಪ್ಪಿಲ್ಲ, ಬಿಸಿಲಲ್ಲಿ ದುಡಿದವನೂ ನೆರಳಲ್ಲಿ ಕೂತು ದುಡಿಸಿದವನೂ ಒಂದೇ ಬಣ್ಣ. ಇಷ್ಟು ಸುಖವಾಗಿ ಬದುಕಿದವರು ಸತ್ತದ್ದಾದರೂ ಏಕೆ ಎಂದು ಕೇಳೋಣ ಎನಿಸುತ್ತದೆ.

ಆ ಕೆನ್ನೆಗಳಲ್ಲಿ ಮುಕ್ಕಾಲು ಪಾಲು ಒಬ್ಬಳೇ ಹೆಂಗಸಿನ ಕೈಕೆಳಗೆ ನುಣುಪಾದವು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಒಳಕೋಣೆಯಲ್ಲಿ ಇಳಿಜಾರಾದ ಗಾಜಿನ ಮೇಜು, ಗಾಜಿನ ಕೆಳಗೆ ಬಲ್ಬು, ಗಾಜಿನ ಮೇಲೆ ನೆಗೆಟಿವ್. ಸೂಜಿಯ ಹಾಗೆ ಹೆರೆದ ಪೆನ್ಸಿಲ್ ಹಿಡಿದು ಆಕೆ ನೆಗೆಟಿವಿನಲ್ಲಿದ್ದ ಸುಕ್ಕುಗಳನ್ನು ಒಂದೊಂದಾಗಿ ತುಂಬುತ್ತಿದ್ದಳು. ತುಂಬಿದ್ದು ಕಾಗದದ ಮೇಲೆ ಮಾಯವಾಗುತ್ತಿತ್ತು. ಆ ಕೆಲಸಕ್ಕೆ ಟಚಿಂಗ್ ಎಂದು ಹೆಸರು. ಹಾಗಾಗಿ ಆಕೆ ಟಚಿಂಗಕ್ಕ. ತರಕಾರಿಯವಳೂ ಹಾಗೇ ಕರೆಯುತ್ತಿದ್ದಳು, ಜಗಳ ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ. ಈ ಬರಹದ ಪಕ್ಕದಲ್ಲಿ ಪತ್ರಿಕೆಯವರು ಅಚ್ಚು ಹಾಕುವ ನನ್ನ ಚಿತ್ರವೂ ಆಕೆಯ ಕೈ ದಾಟಿ ಬಂದದ್ದೇ. ನನ್ನ ಹಣೆಯ ಮೇಲಿನ ಗಂಟು ಅದರಲ್ಲಿಲ್ಲ. ತೆಗೆಯಿರಿ ಎಂದು ನಾನು ಹೇಳಿರಲಿಲ್ಲ. ಇಡಿ ಎಂದೂ ಹೇಳಿರಲಿಲ್ಲ.

ನನ್ನ ಸಿಟ್ಟು ಆಕೆಯ ಮೇಲಲ್ಲ. ಹೆತ್ತ ಮಗಳ ಫೋಟೋ ತಂದು ಕೌಂಟರಿನ ಮೇಲಿಟ್ಟು, ಮಗಳು ಪಕ್ಕದಲ್ಲೇ ನಿಂತಿರುವಾಗ, "ಸ್ವಲ್ಪ ಬೆಳ್ಳಗೆ ಮಾಡ್ಕೊಡಮ್ಮ, ಹೀಗೇ ಕಳಿಸಿದ್ರೆ ಯಾರು ನೋಡ್ತಾರೆ" ಎನ್ನುತ್ತಿದ್ದ ಅಪ್ಪ ಅಮ್ಮಂದಿರ ಮೇಲೆ. ಆ ಹುಡುಗಿಯರು ಆಗ ಎಲ್ಲಿ ನೋಡುತ್ತಿದ್ದರು ಎಂಬುದು ಟಚಿಂಗಕ್ಕನಿಗೆ ಗೊತ್ತಿದೆ. ನೆಲ ನೋಡುತ್ತಿದ್ದರು. ಆಕೆ ತಲೆತಗ್ಗಿಸಿಕೊಂಡು ಹೇಳಿದ ಕೆಲಸ ಮಾಡುತ್ತಿದ್ದಳು. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತಳು. ಕೊನೆಗೆ ಫೋನುಗಳೇ ಚಿತ್ರ ಹಿಡಿಯುವ ಮೊದಲೇ ಮುಖ ತೊಳೆದು ಕೊಡತೊಡಗಿದವು. ಸ್ಟುಡಿಯೋ ಮಾಲೀಕ ಗಾಜಿನ ಮೇಜನ್ನು ಗೋಡೆಗೆ ಒರಗಿಸಿಟ್ಟು, "ಇನ್ನು ಯಾಕಕ್ಕ ಬಿಡಿ" ಎಂದ.

ಆಗ ಆಕೆ ವಿಶ್ವವಿದ್ಯಾಲಯಕ್ಕೆ ಹೋಗಿ ಚಿತ್ರಕಲಾ ವಿಭಾಗಕ್ಕೆ ಸೇರಿಕೊಂಡಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

ಓಣಿಯವರು ಬಿಟ್ಟಾರೆಯೇ. "ಈ ವಯಸ್ಸಲ್ಲಿ ಕಾಲೇಜಾ ಅಕ್ಕ, ಕಾಪಿ ಹೊಡೆಯೋಕೆ ಕಣ್ಣು ಕಾಣುತ್ತಾ?" ಎಂದು ಇಸ್ತ್ರಿಯವನು ಕೇಳಿದ. ಆಕೆ ನಗುತ್ತಲೇ ಉತ್ತರ ಕೊಟ್ಟಳು: "ಮುಖ ಅಳಿಸೋದು ಬರುತ್ತಪ್ಪ ನಂಗೆ. ಬರೆಯೋದು ಬರಲ್ಲ. ಅದೊಂದು ಕಲ್ತುಬಿಡೋಣ ಅಂತ."

ಅಲ್ಲಿ ದುಡಿದು ಬಂದವರಿಗೆಂದು, ವಯಸ್ಸು ಕೇಳದೆ ಕೊಡುವ ಸೀಟು ಒಂದಿದೆ. ಕೇಳಲು ಚೆಂದ. ಆದರೆ ಮೊದಲ ವರ್ಷದ ಡ್ರಾಯಿಂಗ್‌ನಲ್ಲಿ ಪಾಸಾಗದಿದ್ದರೆ ಆ ಸೀಟು ಹೋಯಿತು. ಹದಿನೆಂಟರ ಹುಡುಗರಿಗೆ ಮತ್ತೊಮ್ಮೆ, ಮಗದೊಮ್ಮೆ ಎಂದು ಪರೀಕ್ಷೆ ಉಂಟು. ದುಡಿದು ಬಂದವರಿಗೆ ಇಲ್ಲ. ದಯೆ ತೋರಿಸುವಾಗಲೂ ಗಡಿಯಾರ ನೋಡಿಕೊಂಡು ತೋರಿಸುವ ಜನ. ಡ್ರಾಯಿಂಗ್ ಕಲಿಯಲು ವಿಶ್ವವಿದ್ಯಾಲಯವೇಕೆ, ಪೆನ್ಸಿಲ್ ಇದೆ, ಕಣ್ಣಿದೆ, ಸಾಲದೇ ಎಂಬುದು ಆಗ ನನ್ನ ವಾದವಾಗಿತ್ತು. ಯಾರ ಹತ್ತಿರವೂ ಕೂತು ಕಲಿಯದವನಿಗೆ ಇಂಥ ವಾದಗಳು ಸಲೀಸಾಗಿ ಬರುತ್ತವೆ. ಎದುರುಮನೆಯ ಈ ಹೆಂಗಸು ದಿನವೂ ಸಂಜೆ ಬಸ್ಸಿಳಿದು ಬಂದು ಹೇಳಿದ್ದನ್ನು ಕೇಳುತ್ತ ಕೇಳುತ್ತ ಆ ವಾದ ನನ್ನ ಕೈಯಿಂದ ಜಾರಿತು.

ಡ್ರಾಯಿಂಗ್ ಕಲಿಸುತ್ತಿದ್ದವರು ಗಿಡ್ಡನೆಯ, ಒಡಕು ದನಿಯ ಹೆಂಗಸು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಎತ್ತರದ ಸೂರಿನ ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿಗಳು, ಚಿತ್ರ ಬರೆಯುವ ಇದ್ದಿಲಿನ ಪುಡಿಯಿಂದ ಕಪ್ಪಾದ ನೆಲ. ಬಾಗಿಲ ಬಳಿ ಒಂದು ಬಿಸ್ಕತ್ತಿನ ಡಬ್ಬಿ. ಒಳಗೆ ಬರುವವರು ತಮ್ಮ ರಬ್ಬರನ್ನು ಅದರಲ್ಲಿ ಹಾಕಿ ಬರಬೇಕು. ಆ ಕೋಣೆಯಲ್ಲಿ ಅಳಿಸುವ ಹಾಗಿಲ್ಲ. ತಪ್ಪು ಗೆರೆಯ ಪಕ್ಕ ಸರಿಯಾದ ಗೆರೆ ಎಳೆಯಬೇಕು. ತಪ್ಪು ಅಲ್ಲೇ ಇರಬೇಕು.

ಮೊದಲ ದಿನ ಮೇಜಿನ ಮೇಲೆ ಬಾಯಿ ಮುಕ್ಕಾದ ಹೂಜಿಯೊಂದನ್ನು ಇಟ್ಟಿದ್ದರು. ಟಚಿಂಗಕ್ಕ ಇಡೀ ಬೆಳಗ್ಗೆ ಕೂತು ಬರೆದಳು. ಅಕ್ಕಪಕ್ಕದ ಮಕ್ಕಳ ಹೂಜಿಗಳು ಕುಂಬಳಕಾಯಿಯಂತೆಯೋ ಬಕೆಟ್ಟಿನಂತೆಯೋ ಆಗಿದ್ದವು. ಆಕೆಯದು ಹೂಜಿಯ ಹಾಗೆಯೇ ಇತ್ತು. ಮೇಡಂ ಬಂದು ಹಿಂದೆ ನಿಂತರು.

"ಮುಕ್ಕು ಎಲ್ಲಿ?"

"ಯಾವ ಮುಕ್ಕು ಮೇಡಂ?"

ಕೋಣೆಯೆಲ್ಲ ನಕ್ಕಿತು. ಪಕ್ಕದ ಹುಡುಗಿ, "ಅಕ್ಕ, ನಿಮ್ಮ ಹೂಜಿಗೆ ಪ್ಲಾಸ್ಟಿಕ್ ಸರ್ಜರಿ ಆಗಿದೆ" ಎಂದಳು. ಟಚಿಂಗಕ್ಕ ಹೂಜಿಯನ್ನು ನೋಡಿದಳು, ಹಾಳೆಯನ್ನು ನೋಡಿದಳು. ಹೂಜಿಯ ಬಾಯಂಚಿನಲ್ಲಿ ಹೆಬ್ಬೆರಳಷ್ಟು ಅಗಲದ ಮುಕ್ಕಿತ್ತು. ಹಾಳೆಯಲ್ಲಿ ಅಂಚು ದುಂಡಗೆ, ಪೂರ್ತಿಯಾಗಿ, ಹೊಚ್ಚಹೊಸದಾಗಿ ಕೂತಿತ್ತು. ಆಕೆ ಬೇಕೆಂದು ಬಿಟ್ಟದ್ದಲ್ಲ. "ನನ್ನ ಕೈ ನನ್ನನ್ನ ಒಂದು ಮಾತು ಕೇಳದೇ ರಿಪೇರಿ ಮಾಡಿಬಿಟ್ಟಿತ್ತು" ಎಂದು ಆ ಸಂಜೆ ನನಗೆ ಹೇಳುವಾಗ ಆಕೆ ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

ಮೇಡಂ ನಗಲಿಲ್ಲ. "ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಹೇಳಿದಳು. "ಹಾಗಾದ್ರೆ ನಿಮಗೆ ಉಳಿದವರಿಗಿಂತ ಕಷ್ಟ ಜಾಸ್ತಿ. ಅವರಿಗೆ ಕೈ ಬರಲ್ಲ. ನಿಮ್ಮ ಕೈ ಮಾತು ಕೇಳಲ್ಲ" ಎಂದು ಹೇಳಿ ಮುಂದಕ್ಕೆ ಹೋದರು. ಆ ಮಾತು ನಿಜವಾಗಿತ್ತು. ಓದಿದವರನ್ನು ಕಂಡರೆ ಉರಿದು ಬೀಳುವ ನಾನು ಈ ಹೆಂಗಸಿನ ಮುಂದೆ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ.

ಮುಂದಿನ ವಾರ ಹಾಳೆ ನೋಡದೆ ಬರೆಯುವುದನ್ನು ಕಲಿಸಿದರು. "ನಿಮ್ಮ ಎಡಗೈ ಮೇಲೆ ಒಂದು ಇರುವೆ ಇದೆ ಅಂದ್ಕೊಳ್ಳಿ. ನಿಮ್ಮ ಕಣ್ಣೇ ಆ ಇರುವೆ. ಅದು ನಡೆದಷ್ಟೇ ಪೆನ್ಸಿಲ್ ನಡೀಬೇಕು. ಇರುವೆ ಹಾರಲ್ಲ, ನೆನಪಿರ್ಲಿ." ಟಚಿಂಗಕ್ಕನ ಇರುವೆ ಹೆಬ್ಬೆರಳ ಉಗುರಿನಿಂದ ಹೊರಟಿತು. ಉಗುರಿನ ಪಕ್ಕದ ಸಿಬಿರನ್ನು ಹತ್ತಿ ಇಳಿಯಿತು. ಗೆಣ್ಣಿನ ಮೇಲಿನ ಮಡಿಕೆಗಳೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು. ಹಿಂದೆಂದೋ ಬ್ಲೇಡು ತಾಗಿದ ಗಾಯದ ಗುರುತನ್ನು ಒಂದು ದೊಡ್ಡ ಏರಿಯ ಹಾಗೆ ದಾಟಿತು. ಅದು ಮಣಿಕಟ್ಟು ತಲುಪಿ ಆಕೆ ತಲೆಯೆತ್ತಿದಾಗ ಕೋಣೆ ಖಾಲಿಯಾಗಿತ್ತು. ಎಲ್ಲರೂ ಊಟಕ್ಕೆ ಹೋಗಿದ್ದು ಆಕೆಗೆ ಕೇಳಿಸಿರಲಿಲ್ಲ.

ಹಾಳೆಯ ಮೇಲೆ ಇದ್ದದ್ದು ಕೈಯಂತಿರಲಿಲ್ಲ, ಹಿಂಡಿ ಬಿಸುಟ ಬಟ್ಟೆಯಂತಿತ್ತು. ಆದರೆ ಸಿಬಿರಿತ್ತು. ಗಾಯದ ಗುರುತಿತ್ತು. ಸೊಟ್ಟ ಉಗುರಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಆಕೆ ಮುಂದಿನ ಸೀಟಿನವರ ಕಿವಿಗಳನ್ನು ನೋಡುತ್ತ ಕೂತಳಂತೆ. "ಕಿವಿ ನೋಡಿದ್ದೀರಾ ನೀವು?" ಎಂದು ನನ್ನನ್ನು ಕೇಳಿದಳು. "ಒಬ್ಬರ ಕಿವಿ ಇನ್ನೊಬ್ಬರ ಹಾಗಿಲ್ಲ. ಬಸ್ ತುಂಬ ಕಿವಿ. ಇಷ್ಟು ವರ್ಷ ಮುಖಗಳ ಮೇಲೇ ಬಗ್ಗಿ ಕೂತಿದ್ದೆ, ಒಂದು ಕಿವೀನೂ ನೋಡಿಲ್ಲ ನಾನು." ಆಕೆಯ ದನಿ ಇಳಿದುಹೋಗಿತ್ತು. ಅದು ದುಃಖವಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬೆಟ್ಟ ಹತ್ತಿ ಮೊದಲ ಬಾರಿ ಆಚೆ ಬದಿ ನೋಡಿದವರು ಹಾಗೆ ಮಾತಾಡುತ್ತಾರೆ.

ವರ್ಷದ ಕೊನೆಯ ಕೆಲಸ ಒಂದೇ ಹಾಳೆ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ತಿಂಗಳುಗಟ್ಟಲೆ, ಅದೇ ಒಂದು ದೊಡ್ಡ ಹಾಳೆಯ ಮೇಲೆ ಆ ಮುಖ ಬರೆಯಬೇಕು. ಹಾಳೆ ಬದಲಿಸುವಂತಿಲ್ಲ. ಪಾಸು ನಪಾಸು ಎಲ್ಲ ಅದರ ಮೇಲೆ.

ಗಂಡನನ್ನು ಕೂರಿಸಿ ನೋಡಿದಳು. ಸಾಮಾನು ಸಾಗಿಸುವ ವ್ಯಾನು ಓಡಿಸುವವನು. ಕುರ್ಚಿಗೆ ಬೆನ್ನು ತಾಗಿದರೆ ಸಾಕು, ಗೊರಕೆ. ಉಳಿದವರು ಅತ್ತೆ.

ಅತ್ತೆ ಹಿಂದಿನ ಕೋಣೆಯ ಕಿಟಕಿಯ ಬಳಿ ಬೆಳಗಿನಿಂದ ಸಂಜೆಯವರೆಗೆ ಕೂತೇ ಇರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದು ಮುಖದ ಎಡಭಾಗ ಜೋತುಬಿದ್ದಿತ್ತು. ಕೈಕಾಲು ಚೇತರಿಸಿಕೊಂಡವು, ಮುಖ ಚೇತರಿಸಿಕೊಳ್ಳಲಿಲ್ಲ. ಆ ದಿನದಿಂದ ಹೊಸಿಲು ದಾಟಿರಲಿಲ್ಲ. ಮನೆಯಲ್ಲಿದ್ದ ಕನ್ನಡಿಯನ್ನು ತೆಗೆಸಿ ಮಗ ಗಡ್ಡ ಹೆರೆಯುವ ಬಚ್ಚಲಿಗೆ ಕಳಿಸಿದ್ದರು. ಯಾರಾದರೂ ಬಂದರೆ ಶಾಲನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡು, ಕಾಣುವ ಅರ್ಧದಿಂದಲೇ ಇಡೀ ಓಣಿಯ ವಿಚಾರಣೆ ನಡೆಸುತ್ತಿದ್ದರು. ಬಾಯಿ ಸೊಟ್ಟಗಾಗಿತ್ತೇ ಹೊರತು ನಾಲಗೆಗೆ ಏನೂ ಆಗಿರಲಿಲ್ಲ.

"ಕಲ್ಲಿನ ಹಾಗೆ ಕೂತಿರೋಳು ನಾನೊಬ್ಬಳಿದ್ದೀನಲ್ಲ, ನನ್ನನ್ನ ಬರಿ" ಎಂದು ಅವರೇ ಹೇಳಿದರು. "ಆದ್ರೆ ಶಾಲು ತೆಗೆಯಲ್ಲ."

ಹಾಗೆ ಶುರುವಾಯಿತು. ದಿನವೂ ಮಧ್ಯಾಹ್ನ ಕಿಟಕಿಯ ಬೆಳಕು ಸರಿಯಾದಾಗ ಸೊಸೆ ಹಲಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಕೂರುವಳು. ಬಲಗಣ್ಣು, ಮೂಗು, ಬಲಗೆನ್ನೆ, ಶಾಲು. ಹಾಳೆಯನ್ನು ನೋಡಿದ ಮೇಡಂ, "ಶಾಲಿನ ಒಳಗೆ ಯಾರಿದ್ದಾರೆ?" ಎಂದಷ್ಟೇ ಕೇಳಿದರು.

ಒಂದು ಮಧ್ಯಾಹ್ನ ಅತ್ತೆ ತೂಕಡಿಸಿದರು. ಶಾಲು ಜಾರಿ ಮಡಿಲಿಗೆ ಬಿತ್ತು. ಕಿಟಕಿಯ ಬೆಳಕು ನೇರ ಆ ಮುಖದ ಮೇಲಿತ್ತು, ಇದ್ದಿಲು ಸೊಸೆಯ ಕೈಯಲ್ಲಿತ್ತು. ಬರೆದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಲಗಿದವರ, ಅಳುವವರ, ಬಿದ್ದವರ ಮುಖಗಳನ್ನು ಕದ್ದು ಹಿಡಿದು ಊರಿಗೆಲ್ಲ ಹಂಚುವ ಈ ಕಾಲದಲ್ಲಿ ಯಾರು ಕೇಳುತ್ತಿದ್ದರು. ಟಚಿಂಗಕ್ಕ ಇದ್ದಿಲನ್ನು ಕೆಳಗಿಟ್ಟು ಜೋರಾಗಿ ಕೆಮ್ಮಿದಳು.

ಅತ್ತೆ ಕಣ್ಣು ಬಿಟ್ಟರು. "ಏನು?"

"ಶಾಲು ಜಾರಿದೆ ಅತ್ತೆ."

"ಬರೆದ್ಯಾ?"

"ಇಲ್ಲ."

"ಯಾಕೆ?"

"ನೀವು ಎದ್ದಿರ್ಲಿಲ್ಲ."

ಅತ್ತೆ ಶಾಲನ್ನು ಎತ್ತಿಕೊಂಡರು, ಮಡಚಿದರು, ಕಿಟಕಿಯ ಕಟ್ಟೆಯ ಮೇಲಿಟ್ಟರು. "ಬರ್ಕೋ. ನಿನ್ನ ಮೇಡಂ ಒಬ್ಬರಿಗೆ ತೋರ್ಸು. ಬೇರೆ ಯಾರ ಕಣ್ಣಿಗೂ ಬೀಳಬಾರ್ದು. ಕೇಳಿಸ್ತಾ?"

"ಕೇಳಿಸ್ತು."

ಆದರೆ ಈಗ ಹಳೆಯ ಕೈ ಎದ್ದು ನಿಂತಿತು. ಬಾಯಿಯ ಎಡತುದಿ ಕೆಳಕ್ಕೆ ಇಳಿಯಬೇಕು. ಗೆರೆ ಅಲ್ಲಿಗೆ ಬಂದಾಗ ತಾನಾಗಿ ಮೇಲಕ್ಕೆ ಏರುತ್ತಿತ್ತು. ಎಡಗಣ್ಣಿನ ಕೆಳರೆಪ್ಪೆ ಹೊರಕ್ಕೆ ಮಗುಚಿಕೊಂಡಿತ್ತು. ಹಾಳೆಯಲ್ಲಿ ಅದು ನೆಟ್ಟಗೆ ಮುಚ್ಚಿಕೊಳ್ಳುತ್ತಿತ್ತು. ಆಕೆ ತಪ್ಪು ಗೆರೆಯ ಪಕ್ಕ ಇನ್ನೊಂದು ಎಳೆದಳು, ಅದರ ಪಕ್ಕ ಮತ್ತೊಂದು. ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಕೆಳಗೆ. ಮೂಗಿನ ಕೆಳಗೆ ಬಾಯಿಗಳ ಒಂದು ಗುಂಪೇ ಕೂಡಿತು. ಮೇಡಂ ಹಾಳೆಯನ್ನು ಕೈಯಳತೆ ದೂರದಲ್ಲಿ ಹಿಡಿದು ನೋಡಿದರು.

"ಇವರಿಗೆ ಏನೂ ಆಗೇ ಇಲ್ವಲ್ಲ."

"ಆಗಿದೆ ಮೇಡಂ. ದಿನಾ ನೋಡ್ತೀನಿ. ಕೈಗೆ ಬರ್ತಿಲ್ಲ."

"ಮೌಲ್ಯಮಾಪನದ ದಿನ ಅವರು ಚಿತ್ರದ ಕೆಳಗೆ ಕೂತಿರ್ತಾರೆ. ನೋಡೋರು ಚಿತ್ರಾನೂ ನೋಡ್ತಾರೆ, ಅವರನ್ನೂ ನೋಡ್ತಾರೆ. ಅಷ್ಟರೊಳಗೆ ಬರ್ಬೇಕು."

ಚಿತ್ರಕ್ಕೆ ಕೂತವರೂ ಬರಬೇಕೆಂದು ಟಚಿಂಗಕ್ಕನಿಗೆ ಗೊತ್ತಿರಲಿಲ್ಲ. ಉಳಿದ ಮಕ್ಕಳಿಗೆ ಹಿರಿಯ ವಿದ್ಯಾರ್ಥಿಗಳು ಹೇಳಿದ್ದರು. ಆಕೆಗೆ ಹೇಳಲು ಯಾರಿದ್ದರು. ಬರದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಕುರ್ಚಿ ಖಾಲಿಯಿದ್ದರೆ ಆ ಚಿತ್ರದ ಮುಂದೆ ಪರೀಕ್ಷಕರು ನಿಲ್ಲುವುದೇ ಇಲ್ಲ ಎಂದರು ಮೇಡಂ.

ನಾನು ಸುಮ್ಮನಿರಲಿಲ್ಲ. ವಿಭಾಗದ ಕಚೇರಿಗೆ ಹೋಗಿ, ಈ ನಿಯಮ ಎಲ್ಲಿ ಬರೆದಿದೆ ತೋರಿಸಿ ಎಂದು ಕೇಳಿದೆ. ಗುಮಾಸ್ತ ಮುಖ ಮುಖ ನೋಡಿದ. ಎಲ್ಲೂ ಬರೆದಿಲ್ಲವಂತೆ, ಮೊದಲಿನಿಂದ ನಡೆದುಕೊಂಡು ಬಂದಿದೆಯಂತೆ. ಎಲ್ಲೂ ಬರೆದಿಲ್ಲದ ನಿಯಮವೇ ಎಲ್ಲಕ್ಕಿಂತ ಗಟ್ಟಿ, ಹರಿದುಹಾಕಲು ಕಾಗದವೇ ಇರುವುದಿಲ್ಲ. ಜಗಳಕ್ಕೆ ನಿಂತವನಂತೆ ಮೇಡಂ ಬಳಿಗೂ ಹೋದೆ. ಅವರು ಕೈಯ ಇದ್ದಿಲು ಒರೆಸಿಕೊಳ್ಳುತ್ತ ಹೇಳಿದರು: "ಒಬ್ಬರ ಮುಖ ಬರೆದು, ಅವರ ಎದುರಿಗೆ ನಿಲ್ಲೋಕಾಗಲ್ಲ ಅಂದ್ರೆ, ಬರೆದಿದ್ದು ಏನು? ನೀವೂ ಜನರ ಬಗ್ಗೆ ಬರೀತೀರಂತಲ್ಲ. ಅವರ ಎದುರಿಗೆ ಓದ್ತೀರಾ?" ನಾನು ಬಂದ ದಾರಿ ಹಿಡಿದೆ.

ಟಚಿಂಗಕ್ಕ ಗಂಡನಿಗೆ ಹೇಳಿದಳು, ಅತ್ತೆಯ ಮುಂದೆ ಬಾಯಿ ಬಿಡಲಿಲ್ಲ. ಊಟಕ್ಕೆ ಕೂತಾಗ ಬಾಯಿ ಬಿಟ್ಟವನು ಗಂಡ. "ಅಮ್ಮಾ, ಪರೀಕ್ಷೆ ದಿನ ಎಲ್ಲರ ಮುಂದೆ ಚಿತ್ರದ ಕೆಳಗೆ ಕೂರ್ಬೇಕಂತಲ್ಲ ನೀನು, ವ್ಯಾನಲ್ಲಿ ನಾನೇ ಕರ್ಕೊಂಡು ಹೋಗ್ತೀನಿ, ಮುಂದಿನ ಸೀಟು ನಿಂದೇ" ಎಂದುಬಿಟ್ಟ. ಅಮ್ಮನಿಗೆ ಹೆಂಡತಿ ಇನ್ನೂ ಹೇಳಿಲ್ಲವೆಂಬುದು ಅವನಿಗೆ ತಿಳಿದಿರಲಿಲ್ಲ.

ಅತ್ತೆ ತಟ್ಟೆ ಪಕ್ಕಕ್ಕೆ ತಳ್ಳಿದರು. ಶಾಲು ಮೇಲೇರಿತು. "ಒಬ್ಬರಿಗೆ ಅಂದಿದ್ದೆ ನಾನು. ಊರವರ ಮುಂದೆ ಕೂರಿಸಿ ಪಕ್ಕದಲ್ಲಿ ನೆಂಟರಿಗೂ ಒಂದು ಕುರ್ಚಿ ಹಾಕಿಸ್ತೀಯಾ?" ಮರುದಿನ ಮಧ್ಯಾಹ್ನ ಕಿಟಕಿಯ ಬಳಿಯ ಕುರ್ಚಿ ಗೋಡೆಗೆ ಮುಖ ಮಾಡಿತ್ತು. ಅದರ ಮರುದಿನವೂ. ಓಣಿಯ ವಿಚಾರಣೆ ಕೂಡ ನಿಂತುಹೋಗಿ, ಹಾಲಿನವನು, "ಅಜ್ಜಿಗೆ ಹುಷಾರಿಲ್ವಾ?" ಎಂದು ನನ್ನನ್ನು ಕೇಳಿದ.

ಕೊನೆಗೆ ಒಂದು ದಿನ ಸೊಸೆ ಆ ಕುರ್ಚಿಯ ಹಿಂದೆ ನೆಲದ ಮೇಲೆ ಕೂತು, "ಬಿಟ್ಟುಬಿಡ್ತೀನಿ ಅತ್ತೆ. ಸೀಟು ಹೋದ್ರೆ ಹೋಯ್ತು" ಎಂದಳು. ಆಕೆ ಬೆದರಿಸಲು ಹೇಳಿದ್ದಲ್ಲ, ಹಲಗೆಯಿಂದ ಹಾಳೆ ಬಿಚ್ಚಿ ಸುರುಳಿ ಸುತ್ತಿ ತಂದಿದ್ದಳು.

ಗೋಡೆಯ ಕಡೆಯಿಂದ ದನಿ ಬಂತು. "ಅದನ್ನ ಏನ್ ಮಾಡ್ತೀಯ?"

"ನಿಮ್ಮ ಮುಖ. ನೀವೇ ಇಟ್ಕೊಳ್ಳಿ."

ಕುರ್ಚಿ ಕಿರುಗುಟ್ಟುತ್ತ ತಿರುಗಿತು. "ಬಿಚ್ಚು ನೋಡೋಣ."

ಲಕ್ವ ಹೊಡೆದ ಮೇಲೆ ಆ ಹೆಂಗಸು ತನ್ನ ಮುಖ ನೋಡಿಕೊಂಡಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಸೊಸೆ ಹಾಳೆಯ ಎರಡು ತುದಿ ಹಿಡಿದು ನಿಂತಳು. ಅತ್ತೆ ಮುಂದಕ್ಕೆ ಬಾಗಿದರು, ಹಿಂದಕ್ಕೆ ಸರಿದರು, ಮತ್ತೆ ಬಾಗಿದರು.

"ಇದು ನಮ್ಮಕ್ಕ" ಎಂದರು.

"ಯಾರು?"

"ನಮ್ಮ ದೊಡ್ಡಕ್ಕ. ಅವಳಿಗೆ ಕಡೇವರೆಗೂ ಬಾಯಿ ನೆಟ್ಟಗಿತ್ತು. ನಾನೆಲ್ಲಿದ್ದೀನಿ ಇದರಲ್ಲಿ?" ಅತ್ತೆ ತಮ್ಮ ಬೆರಳನ್ನು ತಮ್ಮ ತುಟಿಯ ಎಡತುದಿಗೆ ಒತ್ತಿದರು, ಅದೇ ಬೆರಳಿಂದ ಹಾಳೆಯ ತುಟಿಯನ್ನು ಮುಟ್ಟಿದರು. "ಇಲ್ಲಿ ಇಳಿಜಾರು. ಅಲ್ಲಿ ಸಮತಟ್ಟು. ಅನ್ನ ಈ ಕಡೆಯಿಂದ ಜಾರುತ್ತೆ ಕಣೇ ನಂಗೆ, ನೀರು ಸೋರುತ್ತೆ. ನೀನು ಬರೆದಿರೋ ಬಾಯಿಂದ ಏನು ಸೋರುತ್ತೆ? ಏನೂ ಇಲ್ಲ. ಕೊಡು ಕೈ."

ಸೊಸೆಯ ಕೈ ಹಿಡಿದು ತಮ್ಮ ಕೆನ್ನೆಯ ಮೇಲೆ ಇಟ್ಟುಕೊಂಡರು.

ಊರಿನ ಅರ್ಧ ಮುಖಗಳನ್ನು ತಿದ್ದಿದ ಆ ಕೈ ಅಲ್ಲಿಯವರೆಗೆ ಗಾಜನ್ನು ಮುಟ್ಟಿತ್ತು, ಫಿಲ್ಮನ್ನು ಮುಟ್ಟಿತ್ತು, ಕಾಗದವನ್ನು ಮುಟ್ಟಿತ್ತು. ಮುಖವನ್ನು ಮುಟ್ಟಿದ್ದು ಅದೇ ಮೊದಲು. ಕೆನ್ನೆ ಬೆಚ್ಚಗಿತ್ತು, ಮತ್ತು ಆಕೆ ಎಣಿಸಿದ್ದಕ್ಕಿಂತ ತುಂಬ ಭಾರವಾಗಿತ್ತು. ಅತ್ತೆ ಆ ಬೆರಳುಗಳನ್ನು ದಾರಿ ತೋರಿಸುವವರಂತೆ ನಡೆಸಿಕೊಂಡು ಹೋದರು. ದವಡೆಯ ಮೇಲೆ ಚರ್ಮ ಮಡಚಿಕೊಂಡು ನಿಂತ ಜಾಗ. ಮೂಗಿನ ಪಕ್ಕ ಗೆರೆಯೇ ಇಲ್ಲದೆ ಸಪಾಟಾದ ಜಾಗ. ಸೊಸೆ ಅಲ್ಲಿ ದಿನವೂ ಒಂದು ಗೆರೆ ಬರೆಯುತ್ತಿದ್ದಳು. ಬಲಗಡೆ ಇದೆ, ಎಡಗಡೆಯೂ ಇರಲೇಬೇಕಲ್ಲ ಎಂದು ಕೈ ಅಂದುಕೊಂಡಿತ್ತು. ತುಟಿಯ ತುದಿಯಲ್ಲಿ ಸದಾ ತೇವವಾಗಿರುವ ಸಣ್ಣ ಹಳ್ಳ. ರೆಪ್ಪೆಯ ಅಂಚು.

"ಆಮೇಲೆ ಈ ಕಣ್ಣಲ್ಲಿ ಹೊಳಪು ಯಾಕೆ ಇಟ್ಟಿದ್ದೀಯ?"

ಅದು ಸ್ಟುಡಿಯೋದ ಅಭ್ಯಾಸ. ಸತ್ತವರ ಫೋಟೋ ದೊಡ್ಡದು ಮಾಡುವಾಗ ಎರಡೂ ಕಣ್ಣಲ್ಲಿ ಸಾಸಿವೆಕಾಳಿನಷ್ಟು ಬಿಳಿ ಬಿಡುತ್ತಾರೆ, ಬದುಕಿದ್ದಂತೆ ಕಾಣಲಿ ಎಂದು. ಬಿಟ್ಟದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.

"ಆ ಕಣ್ಣಲ್ಲಿ ನಂಗೆ ಮಂಜು ಬಿಟ್ಟು ಏನೂ ಕಾಣಲ್ಲ. ಒಳಗಿರೋಳಿಗೇ ಇಲ್ಲದ ಬೆಳಕು ಹೊರಗಿರೋ ನಿಂಗೆ ಎಲ್ಲಿಂದ ಸಿಕ್ತು? ಆರಿಸು ಅದನ್ನ."

ಆಕೆ ಹಾಳೆಯನ್ನು ಮತ್ತೆ ಹಲಗೆಗೆ ಸಿಕ್ಕಿಸಿದಳು. ಇದ್ದಿಲಿನ ತುದಿಯನ್ನು ಆ ಬಿಳಿಯ ಮೇಲಿಟ್ಟು ಒತ್ತಿದಳು. ಕಣ್ಣು ಆರಿತು. ಆರಿದೊಡನೆ, ಆಕೆ ನನಗೆ ಹೇಳಿದಂತೆ, ಬಲಗಣ್ಣು ಹಾಳೆಯೊಳಗಿಂದ ನೇರ ಆಕೆಯನ್ನೇ ನೋಡಿತು. ಅದಕ್ಕೆ ಮೊದಲು ಎರಡೂ ಕಣ್ಣುಗಳು ಯಾರನ್ನೂ ನೋಡುತ್ತಿರಲಿಲ್ಲ. ಆಕೆ ಇದ್ದಿಲು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೂತುಬಿಟ್ಟಳು. "ಅತ್ತೆ, ನೀವು ಬಂದ್ರಿ" ಎಂದಳಂತೆ.

"ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ" ಎಂದರಂತೆ ಅತ್ತೆ.

ಆಮೇಲಿನ ವಾರಗಳಲ್ಲಿ ಎಡಗೈ ಅತ್ತೆಯ ಕೆನ್ನೆಯ ಮೇಲೆ, ಬಲಗೈ ಹಾಳೆಯ ಮೇಲೆ. ಅವರು ಮಾತಾಡುತ್ತಿದ್ದರೆ ಬೆರಳ ಕೆಳಗೆ ಮುಖ ಬದಲಾಗುತ್ತಿತ್ತು. ಬಲಗಡೆ ನಕ್ಕರೆ ಎಡಗಡೆ ಎಳೆಸಿಕೊಳ್ಳುತ್ತಿತ್ತು, ಸಿಟ್ಟು ಬಂದರೆ ಹಳ್ಳ ಆಳವಾಗುತ್ತಿತ್ತು. ಎಲ್ಲವೂ ಹಾಳೆಗೆ ಹೋಯಿತು. ಬರುತ್ತೀರಾ ಎಂದು ಸೊಸೆ ಒಮ್ಮೆಯೂ ಕೇಳಲಿಲ್ಲ. ಅತ್ತೆಯೂ ಹೇಳಲಿಲ್ಲ. ಮೌಲ್ಯಮಾಪನದ ಬೆಳಗ್ಗೆ ಸೊಸೆ ಹೊರಡುವಾಗ ಹಿಂದಿನ ಕೋಣೆಯಿಂದ, "ನನ್ನ ಚಪ್ಪಲಿ ಎಲ್ಲಿ ಸತ್ತಿವೆ ನೋಡ್ರೋ" ಎಂಬ ಕೂಗು ಕೇಳಿತು. ಅಟ್ಟದ ಮೇಲೆ, ಧೂಳು ಹಿಡಿದು ಇದ್ದವು.

ನಾನೂ ಹೋದೆ. ಉದ್ದನೆಯ ಹಜಾರ. ಗೋಡೆಯುದ್ದಕ್ಕೂ ಚಿತ್ರಗಳು, ಒಂದೊಂದರ ಕೆಳಗೂ ಒಂದು ಕುರ್ಚಿ, ಕುರ್ಚಿಯಲ್ಲಿ ಆ ಮುಖದ ಒಡೆಯರು. ಯಾರದೋ ತಾತ, ಯಾರದೋ ಗೆಳತಿ, ಹಾಸ್ಟೆಲಿನ ಅಡುಗೆಯವನು. ಅಡುಗೆಯವನಿಗೆ ತನ್ನ ಮೂಗು ಅಷ್ಟು ದೊಡ್ಡದೆಂದು ಒಪ್ಪಿಗೆಯಿರಲಿಲ್ಲ, ಬಂದವರಿಗೆಲ್ಲ ಪಕ್ಕಕ್ಕೆ ತಿರುಗಿ ತೋರಿಸುತ್ತಿದ್ದ. ಕೊನೆಯ ಕುರ್ಚಿಯಲ್ಲಿ ಅತ್ತೆ, ಶಾಲಿನೊಳಗೆ ಅರ್ಧ.

ಪರೀಕ್ಷಕರು ಬಂದರು. ಮೇಡಂ ಜೊತೆ ಹೊರಗಿನಿಂದ ಬಂದ ಒಬ್ಬ ಹಿರಿಯ ಚಿತ್ರಕಾರರು. ಅವರು ಟಚಿಂಗಕ್ಕನ ಹಾಳೆಯ ಮುಂದೆ ನಿಂತು ತಲೆಯಾಡಿಸಿದರು. "ಕೈ ಚೆನ್ನಾಗಿದೆ. ಆದರೆ ಬಾಯಿಯನ್ನು ಇಷ್ಟು ವಿಕಾರ ಮಾಡುವ ಅಗತ್ಯ ಇತ್ತಾ? ಇದು ಸ್ವಲ್ಪ ಜಾಸ್ತಿ ಆಯ್ತು. ನಾಟಕ ಅನಿಸುತ್ತೆ."

ನನಗೆ ಬಾಯಿ ತುರಿಸುತ್ತಿತ್ತು.

"ಸ್ವಾಮಿ" ಎಂದಿತು ಕುರ್ಚಿ. "ಸ್ವಲ್ಪ ಕೆಳಗೆ ನೋಡಿ."

ಅತ್ತೆ ಶಾಲನ್ನು ಇಳಿಸಿ, ಮಡಚಿ, ಮಡಿಲಲ್ಲಿ ಇಟ್ಟುಕೊಂಡರು. ಮನೆಯಲ್ಲಿ ಮಡಚಿದಷ್ಟೇ ನಿಧಾನವಾಗಿ.

ಆ ಮನುಷ್ಯ ಕೆಳಗೆ ನೋಡಿದರು. ಮೇಲೆ ನೋಡಿದರು. ಮತ್ತೆ ಕೆಳಗೆ. ಅವರ ಮುಖದಲ್ಲಿ ನಾಚಿಕೆ ಬಂದು ಹೋಯಿತು. ಅದು ಹೋದ ಮೇಲೆ ಬಂದದ್ದಕ್ಕೆ ನನ್ನ ಬಳಿ ಹೆಸರಿಲ್ಲ. ಅವರು ನೆಲದ ಮೇಲೆ, ಇದ್ದಿಲ ಪುಡಿಯಲ್ಲೇ ಕೂತುಬಿಟ್ಟರು. ನಾನೂ ಆಗಲೇ ಸರಿಯಾಗಿ ನೋಡಿದ್ದು. ಹಾಳೆಯ ಮೇಲೆ ಒಂದರ ಮೇಲೊಂದು ಬಾಯಿಗಳು. ಎಲ್ಲಕ್ಕೂ ಮೇಲೆ ಅತ್ತೆಯ ದೊಡ್ಡಕ್ಕನ ನೆಟ್ಟಗಿನ ಬಾಯಿ, ಮಸುಕಾಗಿ, ದೂರದ ನೆಂಟಳಂತೆ. ಅದರಿಂದ ಇಳಿಯುತ್ತ ಇಳಿಯುತ್ತ ಹೋದರೆ ಕೊನೆಯಲ್ಲಿ ಕಪ್ಪಗೆ, ಗಟ್ಟಿಯಾಗಿ, ತೇವವಾಗಿ ಆ ಹಳ್ಳ. ಇಡೀ ಮುಖ ಈಗಷ್ಟೇ ಏನನ್ನೋ ಹೇಳಿ ಮುಗಿಸಿ, ಇನ್ನೇನೋ ಹೇಳಲು ಹೊರಟಂತೆ ನಡುಗುತ್ತಿತ್ತು. ಸುಣ್ಣ ಬಳಿದ ಗೋಡೆಯ ಮೇಲೆ ಒಂದು ಕಾಗದ, ಸುಟ್ಟ ಕಡ್ಡಿಯ ಕಪ್ಪು. ಇಷ್ಟರಲ್ಲೇ ಒಬ್ಬ ಹೆಂಗಸು ಇಡಿಯಾಗಿ ಬಂದು ಕೂರಬಹುದೆಂದು ನನಗೆ ಗೊತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಸದಾ ಏನಾದರೂ ಸಿಗುವ ನನಗೆ ಆ ಹೊತ್ತು ಏನೂ ಸಿಗಲಿಲ್ಲ.

"ಇಷ್ಟೊಂದು ಬಾಯಿಗಳಲ್ಲಿ ಯಾವುದು ನಿಜವಾದದ್ದಮ್ಮ?" ಎಂದು ಆತ ಟಚಿಂಗಕ್ಕನನ್ನು ಕೇಳಿದರು.

ಉತ್ತರ ಕೊಟ್ಟವರು ಅತ್ತೆ. "ಬೆಳಗ್ಗೆ ಒಂಥರ ಇರುತ್ತೆ ಸ್ವಾಮಿ, ಸಂಜೆ ಒಂಥರ. ಮಗ ಬಂದಾಗ ಬೇರೆ. ಇವಳ ಅಡುಗೆ ತಿನ್ನೋವಾಗ ಇನ್ನೂ ಬೇರೆ."

ಹಜಾರದ ಆ ತುದಿಯವರೆಗೂ ನಗು ಹೋಯಿತು. ಆ ಚಿತ್ರಕಾರರು ನಗುತ್ತಲೇ ಕಣ್ಣೊರೆಸಿಕೊಂಡರು. ಮುಂದಿನ ಚಿತ್ರಕ್ಕೆ ಹೋಗಲು ಮೇಡಂ ಅವರನ್ನು ಎರಡು ಸಲ ಕರೆಯಬೇಕಾಯಿತು.

ಸೀಟು ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಮೇಡಂ ಬಂದು ಟಚಿಂಗಕ್ಕನ ಭುಜ ಮುಟ್ಟಿ, "ಮುಂದಿನ ವರ್ಷ ಮೈ ಬರೆಯೋದು. ಅದು ಇನ್ನೂ ಕಷ್ಟ" ಎಂದು ಹೇಳಿ ಹೋದರು. ಆಕೆ ಅಲ್ಲೇ ಗೋಡೆಗೆ ಒರಗಿ ತನ್ನ ಕಪ್ಪಾದ ಅಂಗೈಗಳನ್ನು ನೋಡುತ್ತ ನಿಂತಳು. ಅಷ್ಟು ಹೊತ್ತಿಗೆ ಇತರ ಕುರ್ಚಿಗಳು ಖಾಲಿಯಾಗಿದ್ದವು. ಬೇರೆ ಬೇರೆ ವಿಭಾಗಗಳ ಮಕ್ಕಳು ಊಟ ಮುಗಿಸಿಕೊಂಡು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಬಂದವರೆಲ್ಲ ಹಜಾರದ ಕೊನೆಯಲ್ಲಿ ನಿಲ್ಲುತ್ತಿದ್ದರು, ಮೇಲೆ ನೋಡುತ್ತಿದ್ದರು, ಕೆಳಗೆ ನೋಡುತ್ತಿದ್ದರು, ದನಿ ತಗ್ಗಿಸುತ್ತಿದ್ದರು.

ಮಗ ವ್ಯಾನು ತಂದು ನಿಲ್ಲಿಸಿ ಬಂದ. "ಏಳಮ್ಮ, ಸಾಕು. ಬಾ ಹೋಗೋಣ."

ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಕಿಟಕಿಯ ಬೆಳಕು ಎಡಗೆನ್ನೆಯ ಮೇಲೆ ಬೀಳುವಂತೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡರು.

"ತಡಿಯೋ" ಎಂದರು. "ಇನ್ನೂ ಜನ ಬರ್ತಿದ್ದಾರೆ."